ಗುಂಯ್ಗುಡುವ ಮೌನ

ಸುಳ್ಯ ಸೀಮೆಯ ಗೃಹಸ್ಥರೊಬ್ಬರ ಮನೆಯಲ್ಲಿ ತಂದೆಯ ಕಾಲದ ಕ್ಯಾಸೆಟ್ಟುಗಳ ಪೆಟ್ಟಿಗೆಯೊಂದುಂಟು. ತಾಳಮದ್ದಳೆಯ ಕೂಟಗಳಲ್ಲಿ ತಂದೆಯವರು ಚಾಪೆಯ ಮೇಲೆ ಕುಳಿತು ಮುದ್ರಿಸಿಕೊಂಡವು ಅವು. ದೇರಾಜೆ ಸೀತಾರಾಮಯ್ಯನವರ (1914–1984) ಅರ್ಥವೂ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥವೂ ಅವುಗಳಲ್ಲಿ ಉಳಿದಿವೆ. ಆದರೆ ಗೃಹಸ್ಥರಿಗೆ ಎಲ್ಲಕ್ಕಿಂತ ಪ್ರಿಯವಾದುದು ಒಂದು ಮೌನ. ಎದುರಾಳಿಯ ಪ್ರಶ್ನೆ ಮುಗಿದು ಉತ್ತರ ಹೊರಡುವ ಮೊದಲು ಎರಡು ಮೂರು ಉಸಿರಿನಷ್ಟು ಹೊತ್ತು ಕೂಟವೆಲ್ಲ ನಿಶ್ಶಬ್ದವಾಗುತ್ತದೆ. ಆಗ ತಂದೆಯವರು ಮೆಲ್ಲನೆ ಒಮ್ಮೆ ಕೆಮ್ಮುತ್ತಾರೆ. ಸ್ಪೀಕರಿನೊಳಗೆ ಹುಟ್ಟಿಕೊಂಡ 'ಗುಂಯ್' ಎಂಬ ಸದ್ದೊಂದು ಆ ಕೆಮ್ಮನ್ನು ನುಂಗಿಬಿಟ್ಟಿತ್ತು.

ಅಂಗಡಿಯವರು ಪವರ್ ಕಂಡಿಷನರ್ ಎಂಬ ಪೆಟ್ಟಿಗೆಯನ್ನು ಸೂಚಿಸಿದರು. ಕರೆಂಟು ಶುದ್ಧವಾದರೆ ನಾದವೂ ಶುದ್ಧವಾಗುವುದೆಂದು ಅವರ ವಾದ. ಬೆಲೆಯೋ, ಆಂಪ್ಲಿಫಾಯರಿನ ಬೆಲೆಗೆ ಹೆಚ್ಚು ಕಡಮೆಯಿಲ್ಲ.

ಈ ಮಾತನ್ನು ಥಟ್ಟನೆ ತಳ್ಳಿಹಾಕುವಂತಿಲ್ಲ. ಪುತ್ತೂರಿನಿಂದ ಕಡಬದ ವರೆಗೆ ಬೇಸಗೆಯಲ್ಲಿ ಅಡಕೆ ತೋಟಗಳ ಪಂಪುಗಳೆಲ್ಲ ಒಮ್ಮೆಗೆ ಎದ್ದುವೆಂದರೆ ಮನೆಯ ದೀಪ ಮಂಕಾಗುವುದನ್ನು ಕಾಣದವರಾರು? 230 ವೋಲ್ಟು ಇರಬೇಕಾದಲ್ಲಿ ಅದು ಬಹಳ ಕೆಳಗಿಳಿದರೆ, ಗಟ್ಟಿಯಾಗಿ ನುಡಿಸುವಾಗ ಆಂಪ್ಲಿಫಾಯರಿನ ಧ್ವನಿ ಒಡೆಯುವುದೂ ಉಂಟು. ಅದಕ್ಕೆ ಸ್ಟೆಬಿಲೈಸರ್ ಸಾಕು. ಅದರ 'ಟಕ್' ಎಂಬ ಸದ್ದು ಕೆಲವೊಮ್ಮೆ ಸ್ಪೀಕರಿನಲ್ಲಿಯೂ ಕೇಳುವುದು ಬೇರೆ ಮಾತು. ಆದರೆ ಜಗಲಿಯಲ್ಲಿ ಕುಳಿತು ಹದವಾಗಿ ಕೇಳುವವನಿಗೆ ಈ ಏರಿಳಿತ ತಟ್ಟುವುದು ಅಪರೂಪ. ಏಕೆಂದರೆ ಆಂಪ್ಲಿಫಾಯರು ಗೋಡೆಯ ಕರೆಂಟನ್ನು ಹಾಗೆಯೇ ಕುಡಿಯುವುದಿಲ್ಲ. ಸೆಕೆಂಡಿಗೆ 50 ಸಲ ತುಯ್ಯುವ ಆ ಪ್ರವಾಹವನ್ನು ಅದರೊಳಗಿನ ಟ್ರಾನ್ಸ್‌ಫಾರ್ಮರು ತಗ್ಗಿಸುತ್ತದೆ, ಡಯೋಡುಗಳು ಒಂದೇ ದಿಕ್ಕಿಗೆ ತಿರುಗಿಸುತ್ತವೆ, ದಪ್ಪ ಕೆಪಾಸಿಟರುಗಳು ತುಂಬಿಕೊಂಡು ಸಮಗೊಳಿಸುತ್ತವೆ. ಸೋಸಿದ ನೀರನ್ನು ಕುಡಿಯುವವನ ಮನೆಯ ಬಾವಿಕಟ್ಟೆಯಲ್ಲಿ ಮತ್ತೊಂದು ಸೋಸುಬಟ್ಟೆ ಕಟ್ಟಿದಂತೆ ಈ ಹೊಸ ಪೆಟ್ಟಿಗೆ. ಒಳಗಿನ ಸೋಸುಬಟ್ಟೆ ಹರಿದಿದ್ದರೆ ಅದನ್ನು ಬದಲಿಸುವುದಲ್ಲವೇ ಮೊದಲ ಕೆಲಸ?

ಗೃಹಸ್ಥರು ಪೆಟ್ಟಿಗೆಯನ್ನು ಎಂಟು ದಿನಕ್ಕೆಂದು ಎರವಲು ತಂದರು. ಮೊದಲ ಸಂಜೆ ಧ್ವನಿ ತಿಳಿಯಾಯಿತೆಂದು ಅವರಿಗೆ ನಿಜವಾಗಿಯೂ ತೋರಿತು. ಹಣ ಕೊಡುವ ಮನಸ್ಸು ಮಾಡಿದವನ ಕಿವಿ ಸ್ವಲ್ಪ ಉದಾರಿ. ಆಗ ಮಗಳು, "ಅಪ್ಪಾ, ಬಾಗಿಲ ಕಡೆ ಮುಖಮಾಡಿ ಕುಳಿತುಕೊಳ್ಳಿ" ಎಂದು, ಹೇಳದೆ ಕೇಳದೆ ಪೆಟ್ಟಿಗೆಯನ್ನು ಒಮ್ಮೆ ಸೇರಿಸುತ್ತ ಒಮ್ಮೆ ಬಿಡಿಸುತ್ತ ಹತ್ತು ಸಲ ಕೇಳಿಸಿದಳು. ಅವರ ಉತ್ತರ ಐದು ಸಲ ಸರಿ, ಐದು ಸಲ ತಪ್ಪು. ಗುಂಯ್ಗುಡುವುದು ಮಾತ್ರ ಹತ್ತು ಸಲವೂ ಇತ್ತು.

ಕ್ಯಾಸೆಟ್ಟನ್ನು ನಿಲ್ಲಿಸಿದರೂ ಸದ್ದು ನಿಲ್ಲಲಿಲ್ಲ. ಆದುದರಿಂದ ಅದು ಮುದ್ರಿಕೆಯ ದೋಷವಲ್ಲ. ವಯರ್‌ಮನ್ ಬಂದು ಹಿಂಬದಿಯ ತಂತಿಗಳನ್ನು ಒಂದೊಂದಾಗಿ ಕಿತ್ತನು. ಟೆಲಿವಿಷನ್ನಿನ ಡಿಶ್ ತಂತಿ ಕಳಚಿದೊಡನೆ ಗುಂಯ್ ಎಂಬುದು ತಟ್ಟನೆ ಅಡಗಿತು. ಟೆಲಿವಿಷನ್ನೂ ಆಂಪ್ಲಿಫಾಯರೂ ಒಂದಕ್ಕೊಂದು ಜೋಡಿಸಲ್ಪಟ್ಟಿದ್ದುವು. ಮಾಡಿನ ಮೇಲಿನ ಡಿಶ್ಶಿಗೆ ನೆಲದ ಸಂಬಂಧ ಒಂದು ಕಡೆ, ಆಂಪ್ಲಿಫಾಯರಿಗೆ ಇನ್ನೊಂದು ಕಡೆ. ಎರಡರ ನಡುವೆ ತಂತಿಗಳ ಉಂಗುರವೊಂದು ಏರ್ಪಟ್ಟು, ಅದರೊಳಗೆ ಹರಿದ ಕರೆಂಟೇ ಸ್ಪೀಕರಿನಲ್ಲಿ ಹಾಡುತ್ತಿತ್ತು. ಗೋಡೆಯ ಬದಿಯಲ್ಲಿ ಕುಳಿತ ಕಂಡಿಷನರು ಇದನ್ನು ಹೇಗೆ ತಾನೆ ತಡೆದೀತು? ಇಂಥ ಸದ್ದಡಗಿಸಲು ಪ್ಲಗ್ಗಿನ ಅರ್ತ್ ತಂತಿಯನ್ನೇ ಕತ್ತರಿಸುವವರುಂಟು; ಅದು ಪ್ರಾಣದೊಡನೆ ಆಟ.

ಅರ್ತಿನ ಗುಂಡಿಯನ್ನೂ ಅವನು ನೋಡಿದನು. ಮುರಕಲ್ಲಿನ ನೆಲ, ಏಪ್ರಿಲ್ ತಿಂಗಳು. ಇದ್ದಿಲು ಉಪ್ಪು ಹಾಕಿದ್ದ ಗುಂಡಿ ಬೂದಿಯಂತೆ ಒಣಗಿತ್ತು. "ಮೊದಲು ಇದಕ್ಕೆ ನಾಲ್ಕು ಕೊಡ ನೀರು ಹೊಯ್ಯಿರಿ ಅಣ್ಣಾ, ಪೆಟ್ಟಿಗೆ ಆಮೇಲೆ" ಎಂದನು. ಸಿಡಿಲಿಗಾದರೂ ಪೆಟ್ಟಿಗೆ ಬೇಡವೇ ಎಂದು ಗೃಹಸ್ಥರು ಕೇಳಿದರು. ತಂತಿಯಲ್ಲಿ ನುಗ್ಗಿಬರುವ ಸಣ್ಣಪುಟ್ಟ ಹೊಡೆತಗಳನ್ನು ಅಂಥವು ತಡೆಯುವುದು ನಿಜವೆಂದೂ, ಹತ್ತಿರದಲ್ಲಿಯೇ ಸಿಡಿಲು ಬಿದ್ದರೆ ಯಾವುದನ್ನೂ ನಂಬುವಂತಿಲ್ಲವೆಂದೂ, ಗುಡುಗು ದೂರದಲ್ಲಿರುವಾಗಲೇ ಪ್ಲಗ್ಗು ಕೀಳುವ ಅಜ್ಜಿಯರ ಪದ್ಧತಿಯೇ ಮೇಲೆಂದೂ ಅವನು ಹೇಳಿದನು.

ಪೆಟ್ಟಿಗೆ ಅಂಗಡಿಗೆ ಮರಳಿತು. ಆ ರಾತ್ರಿ ಗೃಹಸ್ಥರು ಕ್ಯಾಸೆಟ್ಟು ಹಾಕಿದಾಗ ಪಂಪುಗಳು ಓಡುತ್ತಿದ್ದುವು, ದೀಪ ಮಂಕಾಗಿತ್ತು. ಪ್ರಶ್ನೆ ಮುಗಿಯಿತು, ಕೂಟ ಸುಮ್ಮನಾಯಿತು, ತಂದೆಯವರು ಕೆಮ್ಮಿದರು.