ಸವೆದ ಬಟನ್‌ಗಳ ಸೇವೆ

ನಮ್ಮ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಲ್ಲಕ್ಕಿಂತ ಮೊದಲು ಸವೆದದ್ದು ಹೊರಗಿನ ಗಾಳಿಯನ್ನು ತಡೆಯುವ ಬಟನ್. ಕಾರಿನ ಚಿತ್ರದೊಳಗೆ ಬಾಣವೊಂದು ಸುತ್ತು ಹಾಕಿ ವಾಪಸು ತಿರುಗಿರುತ್ತದಲ್ಲ, ಅದೇ. ಬೆಂಗಳೂರಿನಲ್ಲಿ ಕಾರು ಇಟ್ಟುಕೊಂಡವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಮೈಸೂರು ರಸ್ತೆಯಲ್ಲಿ ವೃಷಭಾವತಿ ಪಕ್ಕಕ್ಕೆ ಬಂದಳೆಂದರೆ ಒತ್ತಬೇಕು, ಕಸದ ಲಾರಿ ಮುಂದೆ ಸಿಕ್ಕಿದರೆ ಒತ್ತಬೇಕು, ಸಿಲ್ಕ್ ಬೋರ್ಡಿನಲ್ಲಂತೂ ಕೇಳಲೇಬೇಡಿ. ಮೊದಲು ಬಾಣ ಹೋಯಿತು, ಆಮೇಲೆ ಚಕ್ರಗಳು ಹೋದವು, ಕೊನೆಗೊಂದು ಬಿಳಿ ಮಚ್ಚೆ ಉಳಿಯಿತು. ಪಕ್ಕದ ಎ.ಸಿ. ಬಟನ್ನಿನ ಹಿಮದ ಹರಳು ಅರ್ಧ ಕರಗಿತ್ತು. ಕೆಂಪು ತ್ರಿಕೋನವೂ ಒಂದು ಮೂಲೆ ಕಳೆದುಕೊಂಡಿತ್ತು. ಕಾರು ಕೆಟ್ಟು ನಿಂತಾಗ ಒತ್ತಬೇಕಾದ್ದನ್ನು ನಾವು ಬೇಕರಿ ಮುಂದೆ ಅಡ್ಡ ನಿಲ್ಲಿಸಿ ಬನ್ನು ತರಲು ಇಳಿಯುವಾಗ ಒತ್ತುತ್ತೇವೆ. ಹಿಂದಿನ ಗಾಜಿನ ಮಂಜು ಬಿಡಿಸುವ ಬಟನ್ ಮಾತ್ರ ಷೋರೂಮಿನಿಂದ ಬಂದ ದಿನ ಇದ್ದ ಹಾಗೇ ಇತ್ತು. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯುವಾಗ ಬಿಟ್ಟರೆ ಅದಕ್ಕೆ ಕೆಲಸವೇ ಇಲ್ಲ.

ಈ ಬಟನ್‌ಗಳ ಮೈಬಣ್ಣವೇ ಕಪ್ಪು ಎಂದು ನಾವು ನಂಬಿರುತ್ತೇವೆ. ಮೂಲದಲ್ಲಿ ಅವು ಬೆಳಕು ಹಾಯುವ ಹಾಲುಬಿಳಿ ಪ್ಲಾಸ್ಟಿಕ್. ಅದರ ಮೇಲೆ ಕಪ್ಪು ಬಣ್ಣ ಹೊಡೆದು, ಚಿತ್ರ ಬೇಕಾದ ಕಡೆಯಲ್ಲೆಲ್ಲ ಲೇಸರ್‌ನಿಂದ ಆ ಬಣ್ಣವನ್ನು ಸುಟ್ಟು ತೆಗೆಯುತ್ತಾರೆ. ಹಗಲಲ್ಲಿ ಬೆಳ್ಳಗೆ ಕಾಣುವುದೂ ಅದೇ ಜಾಗ, ರಾತ್ರಿ ಹಿಂದಿನ ಎಲ್‌ಇಡಿಯಿಂದ ಬೆಳಗುವುದೂ ಅದೇ ಜಾಗ. ಬಣ್ಣದ ಪದರವೋ ಕೂದಲೆಳೆಗಿಂತ ತೆಳು. ಅದಕ್ಕೆ ಉಗುರು, ಉಂಗುರ, ಬೆವರು, ಕೊಬ್ಬರಿ ಎಣ್ಣೆಯ ಕೈ ಎಲ್ಲವೂ ಶತ್ರುಗಳೇ. 2020ರಿಂದೀಚೆಗೆ ಸ್ಯಾನಿಟೈಸರ್ ಕೂಡ ಆ ಪಟ್ಟಿಗೆ ಸೇರಿತು. ಕಾರು ತಯಾರಿಸುವವರು ಒಳಭಾಗದ ಪ್ಲಾಸ್ಟಿಕ್ಕಿಗೆ ಸನ್‌ಸ್ಕ್ರೀನ್ ಬಳಿದು ಪರೀಕ್ಷೆ ಮಾಡುತ್ತಾರೆಂದು ಓದಿದಾಗ ನಗು ಬಂದಿತ್ತು. ನಮ್ಮ ಪ್ಯಾನೆಲ್ ನೋಡಿದ ಮೇಲೆ ಆ ನಗು ಉಳಿಯಲಿಲ್ಲ.

ಉಡುಪಿಯಲ್ಲಿರುವ ನಮ್ಮ ಭಾವನ ಕಾರಿನದು ಬೇರೆಯೇ ರೋಗ. ಅದರ ಬಟನ್‌ಗಳಿಗೆ ಮುಟ್ಟಲು ಹಿತವಾಗಿರಲೆಂದು ರಬ್ಬರಿನಂಥ ಪಾಲಿಯುರೆಥೇನ್ ಲೇಪ ಕೊಟ್ಟಿದ್ದರು. ಶಾಖ ಮತ್ತು ಗಾಳಿಯ ತೇವ ಸೇರಿ ವರ್ಷಗಟ್ಟಲೆ ಕೆಲಸ ಮಾಡಿದರೆ ಆ ಲೇಪದ ಅಣುಗಳ ಸರಪಳಿ ತುಂಡಾಗುತ್ತ ಹೋಗುತ್ತದೆ, ಕೊನೆಗೆ ಹಲಸಿನ ಮೇಣದಂತೆ ಅಂಟುತ್ತದೆ. ಕರಾವಳಿಯ ಹವೆಗೆ ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. "ಎಂತ ಮಾರಾಯ ಇದು, ಹಾಡು ಬದಲಾಯಿಸ್ಲಿಕ್ಕೆ ಹೋದ್ರೆ ಬೆರಳೇ ವಾಪಸು ಬರುವುದಿಲ್ಲ" ಎಂದು ಅವರ ದೂರು. ಅದಕ್ಕೆ ಮದ್ದು ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿ ಬಟ್ಟೆ ಮತ್ತು ಒಂದು ಭಾನುವಾರದ ತಾಳ್ಮೆ. ಉಜ್ಜುತ್ತ ಹೋದರೆ ಅಂಟೆಲ್ಲ ಬಿಟ್ಟು ಒಳಗಿನ ಗಟ್ಟಿ ಪ್ಲಾಸ್ಟಿಕ್ ಹೊರಬರುತ್ತದೆ. ಚಿತ್ರವೂ ಆ ಲೇಪದ ಮೇಲೆಯೇ ಅಚ್ಚಾಗಿದ್ದರೆ ಅದಕ್ಕೂ ವಿದಾಯ ಹೇಳಬೇಕು, ಅಷ್ಟೇ.

ನಮ್ಮದು ಉಜ್ಜಿ ಮುಗಿಯುವ ಕೆಲಸವಾಗಿರಲಿಲ್ಲ. ಸರ್ವಿಸ್ ಸೆಂಟರಿನಲ್ಲಿ ಬಿಡಿ ಬಟನ್ ಕೇಳಿದರೆ ಇಡೀ ಪ್ಯಾನೆಲ್ಲಿನ ಬೆಲೆ ಹೇಳಿದರು. ಶಿವಾಜಿನಗರದ ಗುಜರಿಯಲ್ಲಿ ಅದೇ ಮಾದರಿಯ ಹಳೆಯ ಪ್ಯಾನೆಲ್ ಸಿಕ್ಕಿತು. ಅದರಲ್ಲೂ ಸವೆದಿದ್ದದ್ದು ಅದೇ ಬಟನ್! ಆ ಕಾರಿನವನೂ ಮೈಸೂರು ರಸ್ತೆಯಲ್ಲೇ ಓಡಾಡಿದ್ದನೋ ಏನೋ. ಪ್ರಯೋಗಕ್ಕೆ ಇರಲಿ ಎಂದು ತಂದೆ.

ಪ್ಯಾನೆಲ್ ಬಿಚ್ಚುವ ಸುಖವನ್ನು ಅವಸರವಿಲ್ಲದೆ ಅನುಭವಿಸಬೇಕು. ಮೊದಲು ಕಾರನ್ನು ಸ್ವಲ್ಪ ಹೊತ್ತು ಬಿಸಿಲಿಗೆ ನಿಲ್ಲಿಸಿದೆ; ತಣ್ಣಗಿದ್ದಾಗ ಪಟ್ಟೆಂದು ಮುರಿಯುವ ಪ್ಲಾಸ್ಟಿಕ್ ಕ್ಲಿಪ್ಪು ಬೆಚ್ಚಗಾದಾಗ ಬಾಗುತ್ತದೆ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಟ್ಟೆ. ಕೆಲವು ಕಾರುಗಳ ರೇಡಿಯೊ ಆಮೇಲೆ ಕೋಡ್ ಕೇಳುತ್ತದೆ, ಅದನ್ನು ಮುಂಚೆಯೇ ಹುಡುಕಿಟ್ಟುಕೊಳ್ಳಬೇಕು. ಸ್ಟೀರಿಂಗಿನ ಬಟನ್‌ಗಳ ಗೊಡವೆಗೆ ಹೋಗಲಿಲ್ಲ. ಅಲ್ಲಿ ಏರ್‌ಬ್ಯಾಗ್ ಕೂತಿರುತ್ತದೆ, ಅದು ಹವ್ಯಾಸಿಗಳ ಜಾಗವಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಗೀರು ಬೀಳುವುದರಿಂದ ಮೀಟಲು ಪ್ಲಾಸ್ಟಿಕ್ ಪಟ್ಟಿಯನ್ನೇ ಬಳಸಿದೆ. ಒಂದೊಂದು ಕ್ಲಿಪ್ಪು ಟಕ್ ಎಂದು ಬಿಟ್ಟುಕೊಡುವ ಸದ್ದು ಕಿವಿಗೆ ಬಹಳ ಹಿತ. ಬಿಚ್ಚಿದ ತಿರುಪು ಮತ್ತು ಬಟನ್‌ಗಳು ಸ್ಥಾನ ತಪ್ಪದಂತೆ ಇಡಲು ಇಡ್ಲಿ ತಟ್ಟೆಗಿಂತ ಉತ್ತಮ ಸಾಧನ ನಾನು ಕಂಡಿಲ್ಲ. ಹೆಂಡತಿ ನೋಡಿ, "ನಾಳೆ ತಿಂಡಿಗೆ ಇದನ್ನೇ ಬೇಯಿಸ್ಲಾ?" ಎಂದಳು.

ಬಟನ್‌ಗಳನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಉಳಿದ ಹಳೆಯ ಬಣ್ಣವನ್ನು 2000 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಹಾಕಿ ತಿಕ್ಕಿದೆ. ಥಿನ್ನರ್, ಅಸಿಟೋನ್ ಹತ್ತಿರ ತರಬಾರದು. ಈ ಪ್ಲಾಸ್ಟಿಕ್ ಮಂಕಾಗಿ ಬಿರುಕು ಬಿಡುತ್ತದೆ. ಆಮೇಲೆ ಹೊಳಪಿಲ್ಲದ ಕಪ್ಪು ಸ್ಪ್ರೇ. ಒಮ್ಮೆಗೇ ಹೊಡೆದರೆ ಅಂಚಿನಲ್ಲಿ ಇಳಿದು ಗಂಟು ಕಟ್ಟುತ್ತದೆ, ಹಾಗಾಗಿ ತೆಳುವಾಗಿ ಒಂದು ಕೈ, ಒಣಗಿದ ಮೇಲೆ ಇನ್ನೊಂದು ಕೈ. ನಡುನಡುವೆ ಮೊಬೈಲ್ ಟಾರ್ಚನ್ನು ಹಿಂದೆ ಹಿಡಿದು ನೋಡಬೇಕು. ಸೂಜಿಮೊನೆಯಷ್ಟು ಬೆಳಕು ಸೋರಿದರೂ ಮತ್ತೊಂದು ಕೈ.

ಇನ್ನುಳಿದದ್ದು ಚಿತ್ರ. ಸ್ಟಿಕ್ಕರ್ ಅಂಟಿಸಬಹುದು, ಆದರೆ ಅದರ ಅಂಚು ಬೆರಳಿಗೆ ಸಿಗುತ್ತದೆ, ನನಗೆ ಸೇರದು. ಶಾಲೆಗಳ ಆಟೋಟದ ಟ್ರೋಫಿಗಳ ಮೇಲೆ ಲೇಸರ್‌ನಲ್ಲಿ ಹೆಸರು ಕೆತ್ತುವ ಅಂಗಡಿಗೆ ಹೋದೆ. "ಹೆಸರೇನು ಹಾಕ್ಬೇಕು ಸಾರ್?" ಎಂದ ಹುಡುಗ. "ಹೆಸರಲ್ಲಪ್ಪ, ಒಂದು ಕಾರು, ಒಂದು ಹಿಮದ ಹರಳು" ಎಂದೆ. ಅವನಿಗೆ ಉತ್ಸಾಹ ಬಂದುಬಿಟ್ಟಿತು. ಈ ಚಿತ್ರಗಳಿಗೆ ಐಎಸ್‌ಒ 2575 ಎಂಬ ಜಾಗತಿಕ ಮಾನದಂಡವಿದೆ. ಜಪಾನಿನ ಕಾರಾದರೂ ಜರ್ಮನಿಯದಾದರೂ ಹಿಂದಿನ ಗಾಜು ಆಯತ, ಮುಂದಿನದು ಬಾಗಿದ ಆಕಾರ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಎಲ್ಲ ಚಿತ್ರಗಳೂ ಇದ್ದವು, ಅವನ್ನೇ ಸ್ಕ್ಯಾನ್ ಮಾಡಿದ. ಲೇಸರಿನ ಬಿಸಿ ಎಷ್ಟಿರಬೇಕೆಂದು ಗುಜರಿಯ ಬಟನ್‌ಗಳಿಗೆ ಬಣ್ಣ ಹೊಡೆದು ಪರೀಕ್ಷಿಸಿದೆವು. ಹೆಚ್ಚಾದರೆ ಬಿಳಿ ಪ್ಲಾಸ್ಟಿಕ್ಕೂ ಕಂದುತ್ತದೆ, ಕಡಿಮೆಯಾದರೆ ಮಸಿ ಉಳಿಯುತ್ತದೆ. ಹದ ಸಿಕ್ಕಿದಾಗ ಕಪ್ಪಿನೊಳಗಿಂದ ಹಿಮದ ಹರಳು ಗೆರೆಗೆರೆಯಾಗಿ ಎದ್ದು ಬಂತು. ಕ್ರೀಡಾದಿನದ ಕಪ್ಪುಗಳನ್ನು ಪಕ್ಕಕ್ಕೆ ಸರಿಸಿ ಹುಡುಗ ನನ್ನ ಕೆಲಸ ಮುಗಿಸಿಕೊಟ್ಟ. ಮನೆಗೆ ತಂದು ಮೇಲೊಂದು ತೆಳುವಾದ ಮ್ಯಾಟ್ ಕ್ಲಿಯರ್ ಹೊಡೆದೆ.

"ಕಣ್ಣು ಮುಚ್ಚಿಕೊಂಡೂ ಒತ್ತುತ್ತೀಯ, ಚಿತ್ರ ಯಾಕೆ ಬೇಕಪ್ಪ?" ಎಂದು ಮಗನ ತಕರಾರು. ಅವನಿಗೆ ಎಲ್ಲವೂ ಟಚ್‌ಸ್ಕ್ರೀನಿನಲ್ಲಿರುವ ಕಾರು ಬೇಕು. ಯೂರೋಪಿನಲ್ಲಿ ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯೂರೋ ಎನ್‌ಕ್ಯಾಪ್ ಇಂಡಿಕೇಟರ್, ಹಜಾರ್ಡ್ ದೀಪ, ಹಾರ್ನ್, ವೈಪರ್‌ಗಳಿಗೆ ನಿಜವಾದ ಬಟನ್ನೋ ಕಡ್ಡಿಯೋ ಇರಲಿ ಎಂದು 2026ರ ನಿಯಮದಲ್ಲಿ ಸೇರಿಸಿದೆ ಎಂದೆ. ಅವನು ಮೊಬೈಲಿನಿಂದ ತಲೆ ಎತ್ತಲಿಲ್ಲ.

ನಿಜವಾದ ಪೇಚು ಬೇರೆ ಕಡೆಯಿಂದ ಬಂತು. ನಮ್ಮ ಬೀದಿಯ ಹಳೇ ಕಾರಿನ ದಲ್ಲಾಳಿ ಒಳಗೆ ಇಣುಕಿ, "ಬಟನ್ ನೋಡಿದ್ರೆ ಮೂವತ್ತು ಸಾವಿರ ಕಿಲೋಮೀಟರ್ ಅಂತ ಧೈರ್ಯವಾಗಿ ಹೇಳ್ಬೋದು ಸಾರ್, ಮಾರ್ತೀರಾ?" ಎಂದ. ಪಳಗಿದ ಗಿರಾಕಿಗಳು ಮೀಟರನ್ನು ನಂಬುವುದಿಲ್ಲ. ಸ್ಟೀರಿಂಗಿನ ಚರ್ಮ, ಬಟನ್, ಪೆಡಲ್ ನೋಡಿಯೇ ಕಾರಿನ ಓಟ ಅಳೆಯುತ್ತಾರೆ. ಅಂದರೆ ನನ್ನ ಕುಶಲಕಲೆ ಒಂದು ಸಾಕ್ಷಿಯನ್ನು ಅಳಿಸಿಹಾಕಿತ್ತು. ನೀವೂ ಹೀಗೆ ಬಟನ್ ಸರಿಮಾಡಿಕೊಂಡರೆ ಕಾರು ಮಾರುವಾಗ ಕೊಳ್ಳುವವರಿಗೆ ಬಾಯಿಬಿಟ್ಟು ಹೇಳಿಬಿಡಿ. ನಾನಂತೂ ಕ್ಲಚ್ಚು, ಬ್ರೇಕುಗಳ ಪೆಡಲ್ ರಬ್ಬರನ್ನು ಮುಟ್ಟಿಲ್ಲ. ನಮ್ಮ ಕಾರು ನೋಡಲು ಬರುವವರು ದಯವಿಟ್ಟು ಬಗ್ಗಿ ಅಲ್ಲಿ ನೋಡಬೇಕು.