ತೆರೆಯ ಪಾಠವೂ ಗುರುವಿನ ಪ್ರಶ್ನೆಯೂ

ಪಾಠಶಾಲೆಗೆ ಉಪಕರಣಗಳು ಹೊಸವಲ್ಲ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದ ಕಾಲದವರಿಗೆ ಸ್ಲೇಟೂ ಬಳಪವೂ ನೂತನ ಸಾಧನಗಳಾಗಿಯೇ ತೋರಿರಬೇಕು. ತರುವಾಯ ಗೋಡೆಗೆ ಕರಿಹಲಗೆ ಬಂದಿತು. ಅದರ ಪಕ್ಕಕ್ಕೆ ಭೂಪಟ ಬಂದಿತು. ಮೇಜಿನ ಮೇಲೆ ಗೋಲವೊಂದು ತಿರುಗತೊಡಗಿತು. ಇವುಗಳಲ್ಲಿ ಯಾವುದೂ ಉಪಾಧ್ಯಾಯನನ್ನು ಹೊರಕ್ಕೆ ಕಳುಹಿಸಲಿಲ್ಲ. ಅವನ ಕೈಯನ್ನು ತುಸು ನೀಳಮಾಡಿದುವು, ಅಷ್ಟೆ. ಆದರೆ ತಾನಾಗಿ ಮಾತನಾಡಿ ತಾನಾಗಿ ಚಿತ್ರ ತೋರಿಸುವ ಉಪಕರಣವು ಶಾಲೆಯನ್ನು ಹೊಕ್ಕಾಗ ಹಿಂದೆ ಇಲ್ಲದ ಪ್ರಶ್ನೆಯೊಂದು ಎದ್ದಿತು. ಇನ್ನು ಮೇಲೆ ಪಾಠ ಹೇಳತಕ್ಕವರು ಯಾರು?

ಕನ್ನಡನಾಡಿನಲ್ಲಿ ಈ ಪ್ರಶ್ನೆಯು ದೊಡ್ಡದೊಂದು ಪ್ರಯೋಗಕ್ಕೆ ಒಳಗಾದುದು 1975ರಲ್ಲಿ. ಆ ವರ್ಷದ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಎಂಬ ಉಪಗ್ರಹದ ನೆರವಿನಿಂದ, ಭಾರತದ 6 ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳು ಬಂದುವು. ಕರ್ನಾಟಕದಲ್ಲಿ ಈ ಅವಕಾಶ ದೊರೆತುದು ಅಂದಿನ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಸುಮಾರು 36,000 ಕಿಲೋಮೀಟರು ಎತ್ತರದಿಂದ ಇಳಿದ ಅಲೆಗಳನ್ನು 3 ಮೀಟರು ಅಗಲದ ತಂತಿಬಲೆಯ ಬೋಗುಣಿಯೊಂದು ಹಿಡಿದುಕೊಡುತ್ತಿತ್ತು. ಬೆಳಗಿನ ಒಂದೂವರೆ ಗಂಟೆ ಮಕ್ಕಳದು. ಅದನ್ನು ಹಿಂದಿ, ಕನ್ನಡ, ತೆಲುಗು, ಒಡಿಯಾ ಭಾಷೆಗಳು ಹಂಚಿಕೊಂಡುದರಿಂದ ಕನ್ನಡದ ಪಾಲಿಗೆ ಬಂದುದು 22½ ನಿಮಿಷ.

ಅವಧಿ ಕಿರಿದೆಂದು ಅದನ್ನು ಹಳಿಯಬೇಕಾಗಿಲ್ಲ. ಸಮುದ್ರವನ್ನೇ ಕಾಣದ ಬಯಲುಸೀಮೆಯ ಮಗುವಿಗೆ ಅಲೆಯೊಂದು ಎದ್ದು ಮುರಿದು ಬೀಳುವುದನ್ನು ತೋರಿಸಲು ಅಷ್ಟು ಹೊತ್ತು ಧಾರಾಳವಾಗಿ ಸಾಕು. ಉಪಾಧ್ಯಾಯನು ಎಷ್ಟೇ ನಿಪುಣನಾಗಿದ್ದರೂ ಕರಿಹಲಗೆಯ ಮೇಲೆ ಬೀಜ ಮೊಳೆಯದು; ತೆರೆಯ ಮೇಲಾದರೋ ಒಂದು ವಾರದ ಬೆಳವಣಿಗೆಯನ್ನು ಒಂದು ನಿಮಿಷದಲ್ಲಿ ಕಣ್ಣಿಗೆ ಕಟ್ಟಿಸಬಹುದು. ದೂರದ್ದನ್ನು ಹತ್ತಿರಕ್ಕೆ ತಂದು, ಕಿರಿದನ್ನು ಹಿಗ್ಗಿಸಿ ತೋರಿಸುವ ಶಕ್ತಿ ಮನುಷ್ಯನ ಬಾಯಿಮಾತಿಗೆ ಇಲ್ಲ. ಇದನ್ನು ಒಪ್ಪಿಕೊಂಡರೆ ಗುರುವಿಗೆ ಕುಂದೇನೂ ಬಾರದು.

ಆದರೆ ತೆರೆಗೆ ಬಾಯಿಯುಂಟು, ಕಿವಿಯಿಲ್ಲ. ಹಿಂದಿನ ಸಾಲಿನ ಹುಡುಗಿ ಹುಬ್ಬು ಗಂಟಿಕ್ಕಿದುದನ್ನು ಅದು ಕಾಣದು. ಅರ್ಥವಾಗದೆಯೂ ತಲೆಯಾಡಿಸಿದ ಹುಡುಗನನ್ನು ಅದು ಗುರುತಿಸದು. ಬೇರು ಕೆಳಕ್ಕೇ ಏಕೆ ಇಳಿಯಿತು, ಬೀಜವನ್ನು ತಲೆಕೆಳಗಾಗಿ ನೆಟ್ಟರೆ ಏನಾದೀತು ಎಂದು ಚಿತ್ರ ಮುಗಿದ ಮೇಲೆ ಯಾರಾದರೂ ಕೇಳಬೇಕು. ಉತ್ತರ ಬರುವವರೆಗೆ ತಾಳ್ಮೆಯಿಂದ ಕಾಯಬೇಕು. ಕಂಡುದು ತಿಳಿವಾಗುವುದು ಆ ಪ್ರಶ್ನೋತ್ತರದಲ್ಲಿ. ಪ್ರಯೋಗವನ್ನು ನಡೆಸಿದವರೂ ಇದನ್ನು ಮರೆತಿರಲಿಲ್ಲ. ಶಾಲೆಯ ರಜೆಯ ದಿನಗಳಲ್ಲಿ ಅದೇ ಉಪಗ್ರಹದ ಮೂಲಕ ಸಾವಿರಾರು ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯಲ್ಲಿ ತರಬೇತಿಯನ್ನಿತ್ತರು. ವರ್ಷ ತುಂಬಿತು, ಉಪಗ್ರಹವು ಭಾರತದ ಸೇವೆಯಿಂದ ತೆರಳಿತು. ಶಿಕ್ಷಕರು ತಮ್ಮ ತಮ್ಮ ಶಾಲೆಗಳಲ್ಲಿ ಉಳಿದರು.

ನಲವತ್ತನಾಲ್ಕು ವರ್ಷಗಳ ಮೇಲೆ ಇದೇ ವಿಷಯವು ಹೆಚ್ಚು ಕಠಿನವಾದ ರೂಪದಲ್ಲಿ ಎದುರಾಯಿತು. 2020ರ ಮಾರ್ಚಿಯಲ್ಲಿ ಕೊರೋನಾ ಸೋಂಕಿನ ಕಾರಣ ಶಾಲೆಗಳು ಮುಚ್ಚಿದುವು. ಆ ವರ್ಷ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದುವು. ಪಾಠ ಒಂದೇ ಆದರೂ ಅದು ತಲುಪಿದ ಮನೆಗಳು ಒಂದೇ ಬಗೆಯವಲ್ಲ. ಓದುಬರಹ ಬಲ್ಲ ತಾಯಿ ಪಕ್ಕದಲ್ಲಿ ಕುಳಿತ ಮನೆಯಲ್ಲಿ ಅದು ಪಾಠವಾಯಿತು. ತಂದೆತಾಯಿಗಳಿಬ್ಬರೂ ಕೂಲಿಗೆ ಹೋದ ಮನೆಯಲ್ಲಿ ಕೇವಲ ಸದ್ದಾಯಿತು. ದೂರದರ್ಶನವೇ ಇಲ್ಲದ ಗುಡಿಸಲಿನಲ್ಲಿ ಅದೂ ಆಗಲಿಲ್ಲ. ಆ ಕೊರತೆಯನ್ನು ತುಂಬಲೆಂದೇ ವಿದ್ಯಾಗಮ ಎಂಬ ಯೋಜನೆಯಲ್ಲಿ ಶಿಕ್ಷಕರು ಊರೂರಿಗೆ ಹೋಗಿ ಗುಡಿಯ ಅಂಗಳದಲ್ಲಿ, ಮರದ ನೆಳಲಿನಲ್ಲಿ ಮಕ್ಕಳನ್ನು ಸೇರಿಸಿದರು. ಸೋಂಕಿನ ಭಯ ಹೆಚ್ಚಿ ಅಕ್ಟೋಬರದಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ತೆರೆಗೆ ಸೋಂಕು ತಗಲದು. ಮಗುವಿನ ಬಳಿಗೆ ಹೋಗುವ ಗುರುವಿಗೆ ಮಾತ್ರ ಆ ಅಪಾಯವುಂಟು. ಅವನ ಕೆಲಸದ ಬೆಲೆಯನ್ನು ಅಳೆಯಲು ಇದಕ್ಕಿಂತ ಬೇರೆ ಅಳತೆ ಬೇಕಿಲ್ಲ.

ಈಗ ಅಂಗೈಯಗಲದ ಫೋನಿನಲ್ಲಿ ಸಕಲ ಪಾಠಗಳೂ ದೊರೆಯುತ್ತವೆ. ಅದನ್ನು ಕೊಂಡುಕೊಟ್ಟ ಮಾತ್ರಕ್ಕೆ ವಿದ್ಯೆಯನ್ನು ಕೊಡಿಸಿದಂತಾಯಿತೆಂದು ತಿಳಿಯುವುದು ಪುಸ್ತಕವನ್ನು ತಲೆದಿಂಬಿನ ಕೆಳಗಿಟ್ಟು ಮಲಗಿದಂತೆಯೇ ಸರಿ. ಶಾಲೆಗೆ ತೆರೆಯನ್ನು ತರುವವರು ಪಾಠದ ಬಳಿಕ ಪ್ರಶ್ನೆ ಕೇಳಲು ಶಿಕ್ಷಕನಿಗೆ ಬಿಡುವನ್ನೂ ತರಬೇತಿಯನ್ನೂ ಒದಗಿಸಬೇಕು. ಮನೆಯಲ್ಲಿ ಆ ಕೆಲಸ ಹಿರಿಯರದು. ಮಗು ಪಾಠ ನೋಡಿ ಎದ್ದಾಗ, “ಏನು ಕಂಡೆ, ಹೇಳು ಮಗು” ಎಂದು ಪಕ್ಕದಲ್ಲಿ ಕುಳಿತು ಕೇಳುವಷ್ಟು ಹೊತ್ತು ಯಾವ ಮನೆಯಲ್ಲಿಯೂ ಇಲ್ಲದಿಲ್ಲ.