ಮುರುಗಲ ಹುಳಿಯ ಹದ

ಬೇಸಿಗೆಯಲ್ಲಿ ಶಿರಸಿ–ಸಿದ್ದಾಪುರದ ಕಡೆ ಯಾರ ಮನೆಗೆ ಹೋದರೂ ಕುಳಿತುಕೊಳ್ಳುವ ಮೊದಲೇ ‘ಆಸ್ರಿಗೆ ಎಂತ ಬೇಕು?’ ಎಂಬ ಮಾತು ಕೇಳುತ್ತದೆ. ಎಂತಾದರೂ ಅಡ್ಡಿಯಿಲ್ಲ ಎಂದವರ ಕೈಗೆ ಕೆಂಪು ಪಾನಕದ ಲೋಟ ಬರುತ್ತದೆ. ನನಗಂತೂ ಆ ಬಣ್ಣ ಕಂಡರೇ ಅರ್ಧ ದಾಹ ಇಳಿಯುತ್ತದೆ. ನಾವು ಮುರುಗಲು ಎನ್ನುವ ಈ ಹಣ್ಣು ದಕ್ಷಿಣ ಕನ್ನಡದವರಿಗೆ ಪುನರ್ಪುಳಿ, ಕೊಂಕಣದವರಿಗೆ ಕೋಕಂ. ಪಶ್ಚಿಮ ಘಟ್ಟದ್ದೇ ಮರ. ವರ್ಷವಿಡೀ ಹಸಿರು, ಕೊಂಬೆಗಳು ಕೆಳಗೆ ಜೋತಿರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣು. ಮಳೆ ಹಿಡಿಯುವುದರೊಳಗೆ ಕೊಯ್ದು ಸಿಪ್ಪೆ ಒಣಗಿಸಿಕೊಳ್ಳಬೇಕು.

ನಮ್ಮಲ್ಲಿ ಅದು ಅಡುಗೆಗೂ ಆಯಿತು, ಮದ್ದಿಗೂ ಆಯಿತು. ಮೈಮೇಲೆ ಪಿತ್ತದ ಗಂದೆ ಎದ್ದರೆ ಅಜ್ಜಿ ಒಣಸಿಪ್ಪೆ ನೆನೆಸಿದ ನೀರನ್ನು ಕುಡಿಸುತ್ತಿದ್ದಳು, ಅದನ್ನೇ ಮೈಗೂ ಸವರುತ್ತಿದ್ದಳು. ಊಟ ಭಾರವಾದ ದಿನ ಮುರುಗಲ ಸಾರು. ಅಜ್ಜಿ ಚರಕನನ್ನು ಓದಿದವಳಲ್ಲ. ಆದರೆ ಚರಕ ಸಂಹಿತೆ ಹೃದಯಕ್ಕೆ ಹಿತವೆಂದು ಎಣಿಸುವ ಹತ್ತು ದ್ರವ್ಯಗಳಲ್ಲಿ ಮಾವು, ಅಮಟೆ, ದಾಳಿಂಬೆ, ಮಾದಲಗಳ ಸಾಲಿನಲ್ಲಿ ವೃಕ್ಷಾಮ್ಲವೂ ಇದೆ. ವೈದ್ಯರು ಅದನ್ನು ಮುರುಗಲೆಂದೇ ಗುರುತಿಸುತ್ತಾರೆ. ಹುಳಿಯೂ ಹೃದಯಕ್ಕೆ ಹಿತವೆಂದು ಕಂಡುಕೊಂಡ ಆ ಹಳಬರ ಮೇಲೆ ನನಗೆ ಬಹಳ ಪ್ರೀತಿ.

ಸಿಪ್ಪೆಯ ಕೆಂಪು ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ಹುಳಿಯ ಜೊತೆಗಿರುವಷ್ಟು ಹೊತ್ತು ಅದು ಕೆಂಪು; ಚಿಟಿಕೆ ಅಡುಗೆ ಸೋಡಾ ಬಿದ್ದರೆ ಬಣ್ಣ ಮಾಸಿ ನೀಲಿಯತ್ತ ವಾಲುತ್ತದೆ. ಅದೇ ಸಿಪ್ಪೆಯಲ್ಲಿ ಹಳದಿ ಬಣ್ಣದ ಗಾರ್ಸಿನಾಲ್ ಕೂಡ ಇದೆ. ಉರಿಯೂತ ತಗ್ಗಿಸುವ ಗುಣವನ್ನು ಪ್ರಯೋಗಾಲಯಗಳು ಅದರಲ್ಲಿ ಕಂಡಿವೆ. ಆದರೆ ಅದು ನೀರಿನಲ್ಲಿ ಕರಗುವ ವಸ್ತುವಲ್ಲ. ಹಾಗಾಗಿ ಗಾರ್ಸಿನಾಲಿನ ಹೊಗಳಿಕೆಯನ್ನೆಲ್ಲ ಪಾನಕದ ಲೋಟಕ್ಕೆ ಅಂಟಿಸುವುದು ನ್ಯಾಯವಲ್ಲ.

ಬೀಜದ್ದು ಇನ್ನೊಂದು ಕತೆ. ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಅದನ್ನು ತೆಗೆದು ಉಂಡೆ ಕಟ್ಟಿದರೆ ಮುರುಗಲ ತುಪ್ಪ. ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳಿಂದಾದ ಈ ಕೊಬ್ಬು ಕರಗುವುದು ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೆ. ಗೂಡಿನಲ್ಲಿಟ್ಟರೆ ಗಟ್ಟಿ, ಮೈಶಾಖಕ್ಕೆ ಮೆತ್ತಗಾದರೂ ಹರಿದುಹೋಗದೆ ಚರ್ಮದ ಮೇಲೆ ನಿಲ್ಲುತ್ತದೆ. ಮಳೆಗಾಲವೆಲ್ಲ ತೋಟದ ಕೆಸರಿನಲ್ಲಿ ಓಡಾಡಿದವರ ಒಡೆದ ಹಿಮ್ಮಡಿಗೆ ಇದಕ್ಕಿಂತ ಒಳ್ಳೆಯ ಲೇಪ ನಾನು ಕಂಡಿಲ್ಲ.

ಮುರುಗಲಿನ ಮಾತು ಬಂದರೆ ಅದೇ ಕುಲದ ಉಪ್ಪಾಗೆಯನ್ನು ಬಿಡಲಾಗದು. ಅದರ ಬೀಜದಿಂದಲೂ ಮಲೆನಾಡಿನವರು ತುಪ್ಪ ಮಾಡುತ್ತಾರೆ. ಅದರ ಹುಳಿ ಸಿಟ್ರಿಕ್, ಟಾರ್ಟಾರಿಕ್ ಆಮ್ಲಗಳದ್ದೆಂದು ಮೊದಲು ನಂಬಿದ್ದರು. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ತೋರಿಸಿಕೊಟ್ಟವರು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. ಮುರುಗಲಲ್ಲಿಯೂ ಇರುವುದು ಅದೇ ಆಮ್ಲ. ಶರೀರ ಕೊಬ್ಬು ಕಟ್ಟಲು ಬಳಸುವ ಒಂದು ಕಿಣ್ವವನ್ನು ಇದು ತಡೆಯುತ್ತದೆಂದು ಅಮೆರಿಕದ ವಿಜ್ಞಾನಿಗಳು ಕೆಲವೇ ವರ್ಷಗಳಲ್ಲಿ ಕಂಡುಕೊಂಡರು. ಅಲ್ಲಿಂದ ಬೊಜ್ಜು ಕರಗಿಸುವ ಮಾತ್ರೆಗಳು ಹುಟ್ಟಿದವು. 1990ರ ದಶಕದಲ್ಲಿ ಉಪ್ಪಾಗೆ ಸಿಪ್ಪೆಗೆ ಹಿಂದೆಂದೂ ಕಾಣದ ಬೆಲೆ ಬಂತು. ಘಟ್ಟದ ಕಾಡಿನಲ್ಲಿ ಬಲಿಯದ ಕಾಯಿಯನ್ನೂ ಕೊಯ್ದರು, ಕೈಗೆಟುಕದ ಕೊಂಬೆಯನ್ನು ಕಡಿದೇ ಕೆಡವಿದರು. ಮಳೆಗಾಲದಲ್ಲಿ ಸಿಪ್ಪೆ ಒಣಗಿಸುವ ಒಲೆಗಳಿಗೂ ಕಾಡಿನದೇ ಕಟ್ಟಿಗೆ. 1998ರಲ್ಲಿ 135 ಜನರ ಮೇಲೆ 12 ವಾರ ನಡೆದ ಅಮೆರಿಕದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು: ಮಾತ್ರೆ ನುಂಗಿದವರ ತೂಕ ಹುಸಿ ಮಾತ್ರೆಯವರಿಗಿಂತ ಹೆಚ್ಚೇನೂ ಇಳಿದಿರಲಿಲ್ಲ. ಇಂಥ ಕೆಲವು ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ವರದಿಗಳೂ ಮುಂದೆ ಬಂದವು. ಅಜ್ಜಿಯ ಸಾರು ಯಾರನ್ನೂ ತೆಳ್ಳಗೆ ಮಾಡುತ್ತೇನೆಂದು ಹೇಳಿರಲಿಲ್ಲ. ಉಂಡದ್ದು ಅರಗಿದರೆ ಸಾಕಿತ್ತು.

ಹಾಗೆಂದು ವಿಜ್ಞಾನದ ಮೇಲೆ ನನಗೆ ಮುನಿಸಿಲ್ಲ. ಆಮ್ಲವನ್ನು ಗುರುತಿಸಿದ್ದು ವಿಜ್ಞಾನ, ಮಾತ್ರೆಯ ಭ್ರಮೆ ಬಿಡಿಸಿದ್ದೂ ವಿಜ್ಞಾನವೇ. ನಡುವೆ ಹದ ತಪ್ಪಿದ್ದು ಆಸೆ. ಲಾಭದ ಲೆಕ್ಕ ಅಂಗಳದಲ್ಲೂ ಮರವನ್ನು ಬಿಡುವುದಿಲ್ಲ. ಮುರುಗಲಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಸಸಿ ಯಾವುದೆಂದು ವರ್ಷಗಳ ನಂತರ ಹೂ ಬಿಟ್ಟಾಗಲೇ ತಿಳಿಯುವುದು. ಕಾಯಿ ಬಿಡದೆಂದು ಗಂಡು ಮರವನ್ನು ಕಡಿಯುವವರಿದ್ದಾರೆ. ಪಕ್ಕದ ಹೆಣ್ಣು ಮರಕ್ಕೆ ಪರಾಗ ಕೊಡುವುದು ಅದೇ ಎಂದು ಅವರಿಗೆ ನಾನು ಹೇಳುತ್ತಲೇ ಇರುತ್ತೇನೆ. ಮುರುಗಲು ಸೆಕೆಗೆ ತಂಪು, ಗಂದೆಗೆ ಲೇಪ, ಒಡೆದ ಹಿಮ್ಮಡಿಗೆ ತುಪ್ಪ. ಅದು ಕೊಡುವುದು ಇಷ್ಟು, ಮತ್ತು ಇದು ಸಣ್ಣದಲ್ಲ. ಇರುವ ಗುಣವನ್ನು ಇರುವಷ್ಟೇ ಹೇಳಿದರೆ ಮರವೂ ಉಳಿಯುತ್ತದೆ, ಅದರ ಮೇಲಿನ ನಂಬಿಕೆಯೂ ಉಳಿಯುತ್ತದೆ.